ಅಡುಗೆಮನೆ ಬಾಗಿಲ ಪಕ್ಕದ ಮೇಜು

ಲೇ ಬಾಯಿಬಡುಕಿ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ಧಾರಾಳವಾಗಿ ಬೈಯಲು ಕೂತೆ. ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಊಟದ ಹೊತ್ತಿಗೆ ಆಫೀಸಿನ ಹೊಸ ಕ್ಲರ್ಕ್ ಹುಡುಗಿ ಪಕ್ಕದಲ್ಲಿ ಬಂದು ಕೂತಳು. "ಅಕ್ಕಾ, ಭಾನುವಾರ ಆ ಹೊಸ ಸಿನಿಮಾ ನೋಡ್ಕೊಂಡು ಥಿಯೇಟರ್ ಹಿಂದಿನ ಹೋಟೆಲಿಗೆ ಹೋಗಿ. ಕಿಟಕಿ ಪಕ್ಕ ಮಾತ್ರ ಕೂರ್ಬೇಡಿ. ಅಡುಗೆಮನೆ ಬಾಗಿಲ ಹತ್ರ ಕೂತ್ರೆ ಸೂಪು ಬಿಸಿಬಿಸಿಯಾಗಿ ಬರುತ್ತೆ," ಎಂದಳು.

ಮೈಯೆಲ್ಲ ಉರಿದುಹೋಯಿತು. ಆ ಮೇಜು ಹುಡುಕಿದವಳು ನಾನು. ಸಿನಿಮಾ, ನಾಟಕ, ಹೋಟೆಲು, ನಾನು ಹುಡುಕಿದ್ದನ್ನೆಲ್ಲ ನಿನ್ನದೇ ಎಂಬಂತೆ ಊರಿಗೆಲ್ಲ ಸಾರುತ್ತೀಯ ಎಂದು ತಾನೇ ನಾವಿಬ್ಬರೂ ಮಾತು ಬಿಟ್ಟಿದ್ದು?

"ಯಾರು ಹೇಳಿದ್ರು ನಿಂಗೆ?"

"ನಮ್ಮ ಮಹಡಿ ಮನೆಗೆ ಬಂದಿರೋ ಆಂಟಿ. ಮಾತಿಗೆ ನಿಂತ್ರೆ ಉಸಿರೂ ತಗೊಳಲ್ಲ."

ನಾನು ಅಕ್ಕ, ನೀನು ಆಂಟಿ. ಅದೊಂದು ಸಮಾಧಾನ.

"ಅವರ ಗೆಳತಿ ಕಂಡುಹಿಡಿದ ಜಾಗ ಅಂತೆ. ಯಾವ ಸಿನಿಮಾ ಹೇಳಿದ್ರೂ, ಯಾವ ಹೋಟೆಲ್ ಹೇಳಿದ್ರೂ, 'ಇದು ನನ್ನ ಗೆಳತಿ ಹುಡುಕಿದ್ದು, ಅವಳ ನಾಲಿಗೆ ಸುಳ್ಳು ಹೇಳಲ್ಲ' ಅಂತ ಸೇರಿಸದೆ ಬಿಡಲ್ಲ. ನೀವು ಹೋಗಿದ್ದೀರಾ ಅಲ್ಲಿಗೆ?"

ಎದ್ದು ಊಟದ ಡಬ್ಬಿ ತೊಳೆದೆ. ತೊಳೆದ ಡಬ್ಬಿಯನ್ನೇ ಮತ್ತೊಮ್ಮೆ ತೊಳೆದೆ. ವಾಪಸು ಬಂದರೂ ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು.

"ಇಲ್ಲಮ್ಮ," ಎಂದೆ. "ಹೇಗಿದೆ ಜಾಗ? ಇನ್ನೊಂದ್ಸಲ ಹೇಳು. ಆ ಆಂಟಿ ಹೇಳಿದ ಹಾಗೇ ಹೇಳು."