ಗೆರೆಗೆ ಸಿಗದ ಪಕ್ಕೆಲುಬು

3-2-86, ಸೋಮವಾರ
ಮತ್ತೆ ಪಕ್ಕೆಲುಬು. ಎದೆಯ ಎಕ್ಸ್-ರೇ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಒಂದೊಂದೇ ಎಲುಬು ಬರೆಯುವುದು. ನಮ್ಮ ಆಸ್ಪತ್ರೆಯ ಡಾಕ್ಟರ್ ಕೃಷ್ಣಮೋಹನರ ತಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರಿಗೆ ಇದನ್ನು ಕಲಿಸುತ್ತಾನಂತೆ. ಎಲುಬನ್ನು ಅದೇ ಗುರುತಿಸಿ ಅಳಿಸಿದರೆ ಶ್ವಾಸಕೋಶ ಸ್ಪಷ್ಟ ಕಾಣುತ್ತದಂತೆ. ಕಲಿಸಲಿ. ಮೊದಲು ಪುತ್ತೂರಿನ ಕರೆಂಟಿಗೆ ನಿಲ್ಲಲು ಕಲಿಸಲಿ.

5-2-86
ಕಡಬದಿಂದ ತಂಗಿ ಸಾಲಿ ಬಂದಳು. ತಿಂಗಳಿಂದ ಕೆಮ್ಮು. ಟಿ.ಬಿ. ತನಗೂ ಅಂಟೀತೆಂದು ಹೆದರಿ ಗಂಡ ಜೋಯಿಯೇ ಕರೆತಂದ. ಎಕ್ಸ್-ರೇಯಲ್ಲಿ ಶ್ವಾಸಕೋಶ ಮಾತ್ರ ಬೀಳುತ್ತದೆಂದುಕೊಂಡಿದ್ದ, ಮೂರ್ಖ.
ಡಾಕ್ಟರು ಲಂಗ್ಸ್ ಕ್ಲಿಯರ್ ಎಂದರು. ಸಿರಪ್ ಬರೆದರು.
ನಾನು ಎಲುಬು ನೋಡಿದೆ. ಎಡಗಡೆ ಮೂರು ಮುರಿದು ಕೂಡಿವೆ. ಒಂದು ಹಳೆಯದು, ಒಂದು ಇನ್ನೂ ಗಂಟುಗಂಟು. ಒಂದೇ ದಿನದ ಏಟಲ್ಲ... ಡಾರ್ಕ್‌ರೂಮಿಗೆ ಕರೆದು ಕೇಳಿದೆ.
"ಎಂತ ಇಲ್ಲ ಚೇಚಿ. ರಬ್ಬರ್ ಗುಡ್ಡೆಯಲ್ಲಿ ಜಾರಿ ಬಿದ್ದದ್ದು."
ಹೊರಗೆ ಜೋಯಿ ಗಂಟಲು ಸರಿಮಾಡಿದ. ಅಷ್ಟಕ್ಕೇ ಎದ್ದು ಹೋದಳು. ಕಾಲೇಜಿಗೆ ಕಳಿಸಲು ಅವಳ ಎಲುಬನ್ನೂ ಬರೆದೆ, ಒಂದು ಗಂಟೂ ಬಿಡದೆ.

19-2-86
ಸಾಲಿಯ ಟ್ರೇಸಿಂಗ್ ಕಾಲೇಜಿನಿಂದ ವಾಪಸ್. ಎಲುಬೆಂದರೆ ನಯವಾಗಿ ಬಾಗಿದ ಗೆರೆ ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಿದ್ದಾರಂತೆ. ಇವಳ ಎಲುಬು ಅದಕ್ಕೆ ಸಿಗಲಿಲ್ಲ. ನಾನೇ ತಪ್ಪು ಬರೆದೆನಂತೆ, ನಯ ಮಾಡಿ ಕಳಿಸಬೇಕಂತೆ.
ಫಿಲ್ಮನ್ನು ಡಾಕ್ಟರ ಮುಂದೆ ಹಿಡಿದೆ. ತುಂಬಾ ಹೊತ್ತು ನೋಡಿದರು. "ಸಂಸಾರದ ವಿಷಯ, ಸಿಸಿಲಿ. ನಾವು ಎಂತ ಮಾಡುದು?"
ಅಳಿಸುವ ಯಂತ್ರ ಇಲ್ಲಿಯೇ ಕೂತಿದೆ. ಫಿಲ್ಮ್ ಬ್ಯಾಗಿಗೆ ಹಾಕಿಕೊಂಡೆ. ಬೆಳಿಗ್ಗೆ ಕಡಬದ ಬಸ್ಸು.

20-2-86
ಜೋಯಿ ಮನೆಯಲ್ಲಿರಲಿಲ್ಲ. ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದೆ. ಸಾಲಿ ಗಂಟುಗಳ ಮೇಲೆ ಬೆರಳಿಟ್ಟಳು. ಇದು ಈಸ್ಟರಿಗೆ. ಇದು ಮೀನುಸಾರು ಉಪ್ಪಾದ ದಿನ. ಇದು ಕ್ರಿಸ್ಮಸ್ಸಿಗೆ.
"ಇನ್ನೊಂದು ಸಲಕ್ಕೆ ನಾನು ಸಾಯುದೇ ಚೇಚಿ."
ನನ್ನೊಟ್ಟಿಗೆ ಬಾ ಎಂದೆ. ಬರಲಿಲ್ಲ. ಫಿಲ್ಮ್ ಮಾತ್ರ ಇಟ್ಟುಕೊಂಡಳು.

4-3-86, ರಾತ್ರಿ
ಸಂಜೆ ಜೀಪಿನಲ್ಲಿ ಜೋಯಿಯನ್ನು ತಂದರು. ಬಾಯಿ ತುಂಬ ರಕ್ತ, ಮುಂದಿನ ಹಲ್ಲಿಲ್ಲ. ಹಿಂದಿನಿಂದ ಸಾಲಿ ಇಳಿದಳು. ಕುತ್ತಿಗೆಯಲ್ಲಿ ಅವನ ಬೆರಳುಗಳು ನೀಲಿಯಾಗಿ ಮೂಡಿವೆ. ಕತ್ತು ಹಿಸುಕುತ್ತಿದ್ದನಂತೆ. ಇವಳ ಕೈಗೆ ಒನಕೆ ಸಿಕ್ಕಿತಂತೆ.
ಜೋಯಿಯ ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಿಸಿದೆ. ಉಸಿರೆಳೆದು ಹಿಡಿ ಎಂದೆ. ಎಳೆಯಲಾಗದೆ ಅರಚಿದ. ಇನ್ನೊಮ್ಮೆ ಎಳೆ ಎಂದೆ. ಸಂತೋಷವಾಯಿತು. ಹೌದು, ಆಯಿತು.
ಎಡಗಡೆ ಎರಡು ತುಂಡು. ಹೇಗಾಯಿತೆಂದು ಡಾಕ್ಟರು ಕೇಳಿದರು. ಜೋಯಿ ಸಾಲಿಯ ಮುಖ ನೋಡಿದ.
"ರಬ್ಬರ್ ಗುಡ್ಡೆಯಲ್ಲಿ ಜಾರಿ ಬಿದ್ದದ್ದು, ಡಾಕ್ಟ್ರೆ."
ಡಾಕ್ಟರು ಹಾಗೆಯೇ ಬರೆದುಕೊಂಡರು.
ಸಾಲಿ ನನ್ನ ಚಾಪೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಟ್ರೇಸಿಂಗ್ ಪೇಪರ್ ತೆಗೆದಿದ್ದೇನೆ. ಜೋಯಿಯ ಎಲುಬನ್ನೂ ಕಾಲೇಜಿಗೆ ಕಳಿಸುತ್ತೇನೆ. ನಯ ಮಾಡುವುದಿಲ್ಲ. ಮುರಿದಲ್ಲಿ ಮುರಿದ ಹಾಗೇ —