ನಲವತ್ತು ಮೂಟೆ ಪುಡಿಗೆ ನನ್ನ ಸಹಿ

ಅಕ್ಕನಿಗೆ,

ಈ ಪತ್ರವನ್ನು ಆಫೀಸಿನ ಶೌಚಾಲಯದಲ್ಲಿ ನಿಂತು ಬರೆಯುತ್ತಿದ್ದೇನೆ. ನನ್ನ ಫೋನನ್ನು ಮಾಲೀಕರು ಕಿತ್ತುಕೊಂಡಿದ್ದಾರೆ. ಕಸ ಗುಡಿಸುವ ಅಮ್ಮನ ಕೈಯಲ್ಲಿ ಕಳಿಸುತ್ತೇನೆ.

ಗಿರಾಕಿಗಳ ಪರವಾಗಿ ಬಂದರಿನಿಂದ ಸರಕು ಬಿಡಿಸುವ ನಮ್ಮ ಆಫೀಸಿನಲ್ಲಿ, ಯಾವ ಸರಕು ಯಾವ ಸುಂಕದ ಗುಂಪಿಗೆ ಸೇರುತ್ತದೆಂದು ಬರೆದು ಸಹಿ ಹಾಕುವುದು ನನ್ನ ಕೆಲಸವಲ್ಲವೇ? ಮೊನ್ನೆ ಕಣ್ಣಿನ ಔಷಧಿಯ ಕಾರ್ಖಾನೆಗೆಂದು ನಲವತ್ತು ಮೂಟೆ ಸೆಲ್ಯುಲೋಸ್ ಪುಡಿ ಬಂತು. ಔಷಧಿಯನ್ನು ಮಂದವಾಗಿಸಲು ಬೆರೆಸುವ ಪುಡಿ. ಆದರೆ ಮಾರಿದವರ ಕಾಗದದಲ್ಲಿ, ಇದು ಗೋಡೆಯ ಬಣ್ಣಕ್ಕೆ ಮಾತ್ರ, ಕೆಡದಂತೆ ವಿಷ ಬೆರೆಸಿದೆ ಎಂದಿತ್ತು. ಬೆರಕೆ ಪುಡಿಯ ಗುಂಪೇ ಬೇರೆ ಎಂದು ಮಾಲೀಕರಿಗೆ ತೋರಿಸಿದೆ.

"ಬಿಳಿ ಪುಡಿ ಅಂದ್ರೆ ಬಿಳಿ ಪುಡಿ ಕಣಮ್ಮ. ಶುದ್ಧ ಅಂತ ಬರಿ," ಎಂದರು. ಬರೆದು ಸಹಿ ಹಾಕಿಬಿಟ್ಟೆ ಅಕ್ಕ.

ಆ ವಿಷ ಯಾರದೋ ಕಣ್ಣಿಗೆ ಬೀಳುತ್ತದೆ ಎಂದು ಎರಡು ದಿನ ಊಟ ಸೇರಲಿಲ್ಲ. ಇವತ್ತು ಬೆಳಿಗ್ಗೆ ಸುಂಕದ ಅಧಿಕಾರಿಗೆ ಎಲ್ಲ ಹೇಳಿದೆ. "ಬಾಯಿಮಾತು ಸಾಲಲ್ಲ. ಸಂಜೆಯೊಳಗೆ ಮಾರಿದವರ ಆ ಕಾಗದ ತಂದು ಬರೆದುಕೊಡಿ, ಇಲ್ಲಾಂದ್ರೆ ಮೂಟೆ ಬಿಡಬೇಕಾಗುತ್ತೆ. ನಿಮ್ಮ ಮೇಲೂ ಕೇಸಾಗುತ್ತೆ, ನೋಡಿ," ಎಂದರು.

ಕಾಗದ ತರಲು ಆಫೀಸಿಗೆ ಬಂದರೆ ಮಾಲೀಕರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. ನನ್ನ ಪಕ್ಕ ಕುರ್ಚಿ ಎಳೆದು ಕೂತು, "ಮಗಳ ಸ್ಕೂಲು ಬಿಡೋದು ಎಷ್ಟು ಗಂಟೆಗಮ್ಮ?" ಎಂದು ಮೆಲ್ಲಗೆ ಕೇಳಿದರು. ಶೌಚಾಲಯಕ್ಕೆ ಹೋಗಿ ಬರುತ್ತೇನೆಂದು ಎದ್ದು ಬಂದೆ.

ಈಗಲೇ ಸ್ಕೂಲಿಗೆ ಹೋಗಿ ಮಗಳನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ಮನೆ ಸೇರಿದ ಮೇಲೆ ಆಫೀಸಿನ ನಂಬರಿಗೆ ಫೋನ್ ಮಾಡಿ, ಯಾರೇ ಎತ್ತಿದರೂ ನನಗೆ ತಿಳಿಸಿ ಎಂದು "ಕನ್ನಡಕ ರಿಪೇರಿ ಆಯ್ತು" ಅಂತಷ್ಟೇ ಹೇಳು. ಕಾಗದ ನನ್ನ ಊಟದ ಡಬ್ಬಿಯಲ್ಲಿದೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಅಧಿಕಾರಿಯ ಹತ್ತಿರ ಹೋಗುತ್ತೇನೆ. ಅಲ್ಲಿಯವರೆಗೆ ಈ ಆಫೀಸು ಬಿಟ್ಟು ಕದಲಲಾರೆ.

ನಿನ್ನನ್ನೇ ನಂಬಿರುವ
ತಂಗಿ