ಯವ್ವನ ಫೋಟೋದ ಮಾಲಿ

ದಾನೇಶ್ವರಿ,

ಯವ್ವನ ಕಣ್ಣಿನ ಪಟ್ಟಿ ಬಿಚ್ಚ್ಯಾರಂತ. ಕರಕೊಂಡು ಬರಾಕ ಮಾನ್ವಿ ದವಾಖಾನಿಗೆ ಹೊಂಟೀನಿ.

ಕಿಟಕಿಗೆ ಕಟ್ಟಿದ ಪ್ಲಾಸ್ಟಿಕ್ ಬಳ್ಳಿ ಇರಲಿ, ಧೂಳ ಒರಸು. ಖರೇ ದಾಸವಾಳ ಗಿಡ ಒಣಗಾಕತ್ತದ, ನೀರು ಹಾಕು.

ಜೋಡಿ ಚಂದ ಕಾಣ್ತದಂತ ಯಪ್ಪನ ಫೋಟೋಕ್ಕೊಂದು, ಬಾಜೂಕಿನ ಯವ್ವನ ಫೋಟೋಕ್ಕೊಂದು ಪ್ಲಾಸ್ಟಿಕ್ ಮಾಲಿ ಹಾಕೀಯಲ್ಲ, ಬದುಕಿದ್ದೋರ ಫೋಟೋಕ್ಕ ಯಾರರ ಮಾಲಿ ಹಾಕ್ತಾರೇನು? ಚಪ್ಪಲಿ ಮೆಟ್ಟೋವಾಗ ನೋಡಿದೆ. ಸ್ಟೂಲ್ ಹತ್ತಿದ್ರೂ ನಿಲುಕಲಿಲ್ಲ, ನಿನ್ನಷ್ಟು ಎತ್ತರ ಇಲ್ಲ ನಾ. ನಾವು ಬರೋದ್ರೊಳಗ ತೆಗಿ. ಈಗ ಆಕಿಗೆ ಎಲ್ಲಾ ಸ್ವಚ್ಛ ಕಾಣ್ತದ.

ಯಪ್ಪಗ ಸಂಜಿಮುಂದ ಮಲ್ಲಿಗಿ ತಗೊಂಬಾ. ಒಂದ ಮಾಲಿ ಸಾಕು.

ಇದನ್ನ ಬರಿಯೋಕಿಂತ ಮೊದಲ ಯವ್ವಗ ಫೋನ್ ಹಚ್ಚಿದ್ದೆ. "ಯಾಕಬೇ, ಇನ್ನೂ ಹೊಂಟಿಲ್ಲೇನು?" ಅಂದಳು. ಏನಿಲ್ಲ, ಸುಮ್ಮನ ಅಂದೆ. ಆಕಿ ದನಿ ಕೇಳಿದ ಮ್ಯಾಲೇ ಸ್ಟೂಲ್ ಹತ್ತಿದೆ.

ಭಾಗ್ಯ